‘ಟನ್‌ಟ್ಸೆನ್’ ಕ್ರಿಯಾಪದದ ಮೂಲ: ಒಂದು ಮರುವಿಮರ್ಶೆ

ಮಧ್ಯಕಾಲೀನ ಹೈ ಜರ್ಮನ್ನಿನಲ್ಲಿ ಸುಮಾರು 1200ರ ವೇಳೆಗೆ ನೆಲೆಗೊಂಡಿದ್ದ ‘ಟನ್‌ಟ್ಸೆನ್’ (ಕುಣಿ) ಎಂಬ ಕ್ರಿಯಾಪದವು ಪ್ರಾಚೀನ ಫ್ರೆಂಚಿನ ‘ಡನ್‌ಟ್ಸಿಯೇರ್’ ರೂಪದ ಎರವಲೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ವಿವಾದವಿರುವುದು ಆ ಫ್ರೆಂಚ್ ಪದದ ಮೂಲವನ್ನು ಕುರಿತು. ಫ್ರೀಡ್ರಿಖ್ ಡೀಟ್ಸ್ ಇದನ್ನು ಪ್ರಾಚೀನ ಹೈ ಜರ್ಮನ್ನಿನ ‘ಡನ್‌ಸೋನ್’ (ಎಳೆ) ಎಂಬುದಕ್ಕೆ ಜೋಡಿಸಿದರು. ಸಾಲುಗಟ್ಟಿ ಒಬ್ಬರನ್ನೊಬ್ಬರು ಎಳೆದುಕೊಂಡು ಸಾಗುವ ಕುಣಿತದ ಚಿತ್ರ ಈ ನಿಷ್ಪತ್ತಿಗೆ ಬಲವಾಗಿ ಒದಗಿತು. ಜರ್ಮನ್ ಪದವೊಂದು ಫ್ರಾನ್ಸಿಗೆ ಹೋಗಿ, ವೇಷ ಬದಲಿಸಿ ತವರಿಗೆ ಮರಳಿತೆಂಬ ಈ ಕಥನ ಆಕರ್ಷಕವಾದುದು. ಆದರೆ ಧ್ವನಿನಿಯಮಗಳು ಅದಕ್ಕೆ ಒಡಂಬಡುವುದಿಲ್ಲ.

ಮೊದಲನೆಯದು, ಪದಾದಿಯ ವ್ಯಂಜನ. ‘ಡನ್‌ಸೋನ್’ನಲ್ಲಿರುವ ಡಕಾರವು ಮೂಲ ಜರ್ಮಾನಿಕ್‌ನ ದಂತ್ಯ ಘರ್ಷಧ್ವನಿಯಿಂದ ಬಂದದ್ದು. ಆ ಘರ್ಷಧ್ವನಿ ಉಳಿದಿದ್ದ ಕಾಲದ ಎರವಲುಗಳಲ್ಲಿ ಫ್ರೆಂಚ್ ಅದನ್ನು ಟಕಾರವಾಗಿ ಸ್ವೀಕರಿಸಿತು. ಒಕ್ಕಣೆಯ ಅರ್ಥದ ಜರ್ಮಾನಿಕ್ ಧಾತುವಿನಿಂದ ಬಂದ ‘ಟ್ರೆಸ್‌ಚಿಯೇರ್’ (ಕುಣಿ) ಇದಕ್ಕೆ ನಿದರ್ಶನ. ಎರವಲಿನ ಕಾಲವನ್ನು ಧ್ವನಿಯೇ ಸಾರುವುದು ಕನ್ನಡಿಗರಿಗೆ ಹೊಸತಲ್ಲ: ಪಕಾರ ಹಕಾರವಾಗುವ ಮುನ್ನವೇ ತದ್ಭವವಾಗಿ ನೆಲೆಗೊಂಡ ‘ಪಕ್ಕಿ’ಯು ‘ಹಕ್ಕಿ’ಯಾಯಿತು, ತತ್ಸಮವಾದ ‘ಪಕ್ಷಿ’ ಹಾಗೆಯೇ ಉಳಿಯಿತು.

ಘರ್ಷಧ್ವನಿಯು ಡಕಾರವಾದ ಮೇಲೆ ಎರವಲು ನಡೆಯಿತೆಂದು ಪ್ರತಿವಾದ ಹೂಡಬಹುದು. ಆಗಲೂ ಎರಡನೆಯ ತೊಡಕು ಪರಿಹಾರವಾಗದು. ‘ಡನ್‌ಸೋನ್’ನ ಸರಳ ಸಕಾರದಿಂದ, ಲ್ಯಾಟಿನ್ನಿನ ‘ಪೆನ್‌ಸಾರೆ’ಯು ‘ಪೆನ್‌ಸೇರ್’ ಆದಂತೆ, ‘ಡನ್‌ಸೇರ್’ ಎಂಬ ರೂಪ ಬರಬೇಕಿತ್ತು. ‘ಡನ್‌ಟ್ಸಿಯೇರ್’ನ ಅನುಘರ್ಷವೂ ‘-ಇಯೇರ್’ ಪ್ರತ್ಯಯವೂ ‘ಕೊಮೆನ್‌ಟ್ಸಿಯೇರ್’ (ಆರಂಭಿಸು) ಪದದಲ್ಲಿರುವಂತೆ ತಾಲವ್ಯೀಕರಣಗೊಂಡ ವ್ಯಂಜನಗುಚ್ಛವನ್ನು ಅಪೇಕ್ಷಿಸುತ್ತವೆ.

ಪದವು ಹೊರಹೋಗದೆ ಜರ್ಮನ್ನಿನಲ್ಲಿಯೇ ಬೆಳೆದಿರಬಹುದೆಂಬ ಊಹೆಗೂ ಆಧಾರವಿಲ್ಲ. ‘ಡನ್‌ಸೋನ್’ನ ಸಹೋದರ ರೂಪವಾದ ‘ಡಿನ್‌ಸೆನ್’ ಮಧ್ಯಕಾಲದಲ್ಲಿಯೂ ಡಕಾರವನ್ನೇ ಉಳಿಸಿಕೊಂಡಿತು. ಅದರ ಕೃದಂತ ಇಂದಿನ ‘ಔಫ್‌ಗೆಡುನ್‌ಸೆನ್’ (ಊದಿಕೊಂಡ) ಪದದಲ್ಲಿ ಜೀವಂತವಾಗಿದೆ. ‘ಟನ್‌ಟ್ಸೆನ್’ನ ಟಕಾರ ಆ ಕುಟುಂಬಕ್ಕೆ ಸೇರಿದುದಲ್ಲ.

ಪರ್ಯಾಯವಾಗಿ ಸೂಚಿತವಾಗಿರುವ ಫ್ರಾಂಕಿಷ್ ‘ಡಿಂಟ್ಯನ್’, ಲ್ಯಾಟಿನ್ ‘ದೆಆಂತಿಯಾರೆ’ ಇವೆರಡೂ ಪುನಾರಚಿತ ರೂಪಗಳು. ಲಿಖಿತ ಸಾಕ್ಷ್ಯದಲ್ಲಿ ದೊರೆತವಲ್ಲ. ಅವು ಧ್ವನಿಯ ತೊಡಕನ್ನು ನೀಗಿಸುತ್ತವೆ ನಿಜ, ಆದರೆ ಆ ತೊಡಕನ್ನು ನೀಗಿಸಲೆಂದೇ ಕಲ್ಪಿತವಾದವುಗಳ ಸಾಕ್ಷ್ಯಮೌಲ್ಯ ಸೀಮಿತ. ಆದುದರಿಂದ ‘ಟನ್‌ಟ್ಸೆನ್’ನ ಇತಿಹಾಸದಲ್ಲಿ ಖಚಿತವಾದುದು ಫ್ರೆಂಚಿನಿಂದ ಜರ್ಮನ್ನಿಗೆ ಬಂದ ಒಂದು ಹೆಜ್ಜೆ ಮಾತ್ರ. ಅದರಾಚೆಗೆ ನಿಘಂಟುಕಾರನು ‘ಮೂಲ ಅನಿಶ್ಚಿತ’ ಎಂದು ಬರೆಯುವುದು ಸೋಲಲ್ಲ, ಶಾಸ್ತ್ರನಿಷ್ಠೆ. ಅರ್ಥದ ಸೊಗಸು ಧ್ವನಿಯ ಸಾಕ್ಷ್ಯಕ್ಕೆ ಬದಲಿಯಾಗಲಾರದು.