‘ನೋ ಏರ್’: ಎರಡು ಕಂಠ, ಒಂದೇ ಅಳಲು

2007ರ ಮೇ ತಿಂಗಳಲ್ಲಿ ‘ಅಮೆರಿಕನ್ ಐಡಲ್’ ಗೆದ್ದಾಗ ಜೋರ್ಡಿನ್ ಸ್ಪಾರ್ಕ್ಸ್‌ಗೆ 17 ವರ್ಷ. ಓಟು ಹಾಕಿದವರೆಲ್ಲ ದುಡ್ಡು ಕೊಟ್ಟು ಆಲ್ಬಂ ಕೊಳ್ಳುವುದಿಲ್ಲ ಎಂಬುದು ನವೆಂಬರಿನಲ್ಲಿ ಗೊತ್ತಾಯಿತು. ಆಕೆಯ ಹೆಸರನ್ನೇ ಹೊತ್ತ ಮೊದಲ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 10ನೇ ಸ್ಥಾನದಿಂದ ಶುರುವಾಯಿತು. ಐಡಲ್ ವಿಜೇತೆಯ ಮಟ್ಟಿಗೆ ಸಪ್ಪೆ ಆರಂಭವೇ. ಅದಕ್ಕೆ ಜೀವ ತುಂಬಿದ್ದು 2008ರ ಆರಂಭದಲ್ಲಿ ಸಿಂಗಲ್ ಆಗಿ ಬಂದ ಯುಗಳಗೀತೆ ‘ನೋ ಏರ್’.

ಜೊತೆಗೆ ಹಾಡಿದವನು ಕ್ರಿಸ್ ಬ್ರೌನ್. ಆಕೆಯ ಓರಗೆಯವನೇ, ಆದರೆ ಅಷ್ಟರಲ್ಲಾಗಲೇ ‘ರನ್ ಇಟ್!’, ‘ಕಿಸ್ ಕಿಸ್’ ಎರಡನ್ನೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿಸಿದ್ದ. ಇಬ್ಬರ ಆಲ್ಬಂಗಳೂ ಜೈವ್ ಕಂಪನಿಯವೇ. ಈ ಜೋಡಿಯ ಹಿಂದೆ ವ್ಯಾಪಾರದ ಲೆಕ್ಕಾಚಾರ ಇರಲಿಲ್ಲವೆಂದು ನಂಬುವುದು ಕಷ್ಟ. ಇತ್ತೆಂದಾದರೆ, ಲೆಕ್ಕ ತಪ್ಪಲಿಲ್ಲ: ಅಮೆರಿಕ, ಬ್ರಿಟನ್‌ಗಳಲ್ಲಿ 3ನೇ ಸ್ಥಾನ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಮೊದಲನೆಯದು. ಅಮೆರಿಕದಲ್ಲೇ 30 ಲಕ್ಷ ದಾಟಿದ ಡೌನ್‌ಲೋಡ್. ಆಲ್ಬಂ ಬೇಡ, ಒಂದು ಹಾಡು ಸಾಕು ಎನ್ನುವ ಐಟ್ಯೂನ್ಸ್ ಕಾಲದ ಗಿರಾಕಿಗೆ ಹೇಳಿ ಮಾಡಿಸಿದ ಸರಕು ಇದು.

ಸರಕು ಎಂದರೆ ಕಳಪೆ ಎಂದಲ್ಲ. ‘ದಿ ಅಂಡರ್‌ಡಾಗ್ಸ್’ ನಿರ್ಮಾಪಕ ಜೋಡಿಯ ಕಸುಬುದಾರಿಕೆ ಪಲ್ಲವಿಯಲ್ಲಿ ಎದ್ದು ಕಾಣುತ್ತದೆ. ನೀನಿಲ್ಲದೆ ಉಸಿರೇ ಇಲ್ಲ ಎನ್ನುವ ಮಾತಿಗೆ ತಕ್ಕಂತೆ ಸಾಲುಗಳು ಚಿಕ್ಕ ಚಿಕ್ಕ ತುಂಡುಗಳಾಗಿ, ನಡುನಡುವೆ ತಡೆದು ತಡೆದು ಬರುತ್ತವೆ. ಶೀರ್ಷಿಕೆಯ ಎರಡು ಪದಗಳು ಬಿಕ್ಕಿನಂತೆ ಮರಳುತ್ತಲೇ ಇರುತ್ತವೆ. ಒಮ್ಮೆ ಕೇಳಿದವರ ಬಾಯಲ್ಲೂ ಅದು ನಿಲ್ಲುತ್ತದೆ. ಮೊದಲ ಚರಣದಲ್ಲಿ ಸ್ಪಾರ್ಕ್ಸ್ ದನಿ ತಗ್ಗಿಸಿ, ಹೆಚ್ಚುಕಡಿಮೆ ಮಾತಾಡಿದಂತೆ ಹಾಡುತ್ತಾಳೆ. ಹಾಡಿನ ಅತ್ಯುತ್ತಮ ಭಾಗ ಅದೇ. ಕೊನೆಕೊನೆಗೆ ಸ್ಪರ್ಧೆಯ ವೇದಿಕೆ ನೆನಪಾಗಿಬಿಡುತ್ತದೇನೋ, ಉಸಿರು ಕಟ್ಟಿದೆ ಎನ್ನುವವರು ಎದೆತುಂಬ ಗಾಳಿ ಹೀರಿ ತಾರಸ್ಥಾಯಿಗೆ ಏರುತ್ತಾರೆ.

ನನ್ನ ದೊಡ್ಡ ತಕರಾರು ಬೇರೆ. ಇದು ಇಬ್ಬರ ಹಾಡೇ ಅಲ್ಲ. ಅವಳ ಅಳಲನ್ನೇ ಅವನೂ ಹೇಳುತ್ತಾನೆ. ಅಗಲಿದ್ದು ಯಾಕೆ, ಬಿಟ್ಟುಹೋದವರು ಯಾರು ಎಂಬುದರ ಸುಳಿವಿಲ್ಲ. ಇಬ್ಬರೂ ಇಷ್ಟು ಬೇಯುತ್ತಿದ್ದರೆ ಒಂದು ಫೋನ್ ಮಾಡಬಾರದೆ? ಯುಗಳಗೀತೆಯಲ್ಲಿ ಒಬ್ಬರ ಮಾತು ಇನ್ನೊಬ್ಬರನ್ನು ಒಂದಿಷ್ಟಾದರೂ ಕದಲಿಸಬೇಕು. ಇಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರ ಸರದಿ, ಅಷ್ಟೆ. ಜನ ಇದಕ್ಕೇ ಮೆಚ್ಚಿರಲೂಬಹುದು: ಕತೆಯಿಲ್ಲದ ವಿರಹಕ್ಕೆ ಯಾರ ಕತೆ ಬೇಕಾದರೂ ಹೊಂದುತ್ತದೆ.

ಹಾಡು ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತ್ತು. ಪ್ರಶಸ್ತಿ ರಾಬರ್ಟ್ ಪ್ಲಾಂಟ್–ಆಲಿಸನ್ ಕ್ರೌಸ್ ಜೋಡಿಗೆ ಹೋಯಿತು. ಸಮಾರಂಭ ನಡೆದ 2009ರ ಫೆಬ್ರವರಿ 8ರ ನಸುಕಿನಲ್ಲೇ ಬ್ರೌನ್ ಗಾಯಕಿ ರಿಹಾನಾಳ ಮೇಲೆ ಹಲ್ಲೆ ಮಾಡಿದ್ದ. ಮುಂದೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಆಮೇಲೆ ಎರಡನೇ ಚರಣದ ಕೋಮಲ ದನಿಯನ್ನು ಮೊದಲಿನಂತೆ ನಂಬಿ ಕೇಳಲು ನನಗಂತೂ ಆಗಿಲ್ಲ.

ಅದೇ ವರ್ಷ ‘ಬ್ಯಾಟಲ್‌ಫೀಲ್ಡ್’ನಲ್ಲಿ ಸ್ಪಾರ್ಕ್ಸ್ ಅದೇ ಸೂತ್ರವನ್ನು, ಅಂದರೆ ಒಂದೇ ರೂಪಕವನ್ನು ಹಾಡಿನುದ್ದಕ್ಕೂ ಎಳೆಯುವುದನ್ನು, ಒಬ್ಬಳೇ ನಿಭಾಯಿಸಿದಳು. ಅದು ಅಮೆರಿಕದಲ್ಲಿ 10ನೇ ಸ್ಥಾನದವರೆಗಷ್ಟೇ ಹೋಯಿತು. ಆದರೂ ನನಗೆ ಅದೇ ಹೆಚ್ಚು ಇಷ್ಟ. ಅಲ್ಲಿ ಅವಳೊಂದಿಗೆ ಜಗಳಕ್ಕೆ ನಿಂತವನೊಬ್ಬ ಎದುರಿಗಿದ್ದಾನೆ ಅನ್ನಿಸುತ್ತದೆ, ಅವನು ಒಂದು ಸಾಲನ್ನೂ ಹಾಡದಿದ್ದರೂ.