600 ಅಂಕದ ಊರು

ಕೆನಡಾಕ್ಕೆ ವಲಸೆ ಹೋಗುವ ದಾರಿಗಳಲ್ಲಿ ಪ್ರಾಂತ್ಯಗಳ ನಾಮನಿರ್ದೇಶನ ಪದ್ಧತಿ, ಎಂದರೆ ಎಲ್ಲರ ಬಾಯಲ್ಲಿರುವ ಪಿಎನ್‌ಪಿ, ತತ್ವದ ಮಟ್ಟಿಗೆ ನನಗೆ ಒಪ್ಪಿಗೆಯಾದದ್ದು. ದೇಶಕ್ಕೆ ಜನ ಬೇಕು ಎನ್ನುವುದಕ್ಕಿಂತ ಇಂಥ ಊರಿಗೆ ಇಂಥ ಕೆಲಸದವರು ಬೇಕು ಎಂದು ಹೇಳುವುದರಲ್ಲಿ ಹೆಚ್ಚು ಪ್ರಾಮಾಣಿಕತೆಯಿದೆ. ಬಂದವರಲ್ಲಿ ಹೆಚ್ಚಿನವರು ಟೊರಾಂಟೊ, ವ್ಯಾಂಕೂವರ್‌ನಂಥ ದೊಡ್ಡ ನಗರಗಳಲ್ಲೇ ನೆಲೆಯಾಗುತ್ತಿದ್ದಾಗ, 1998ರಲ್ಲಿ ಮ್ಯಾನಿಟೋಬಾ ಈ ಏರ್ಪಾಡಿಗೆ ಮೊದಲು ಕೈಹಾಕಿತು. ಈಗ ಕ್ವಿಬೆಕ್, ನುನಾವುಟ್ ಬಿಟ್ಟರೆ ಉಳಿದ ಕಡೆಯಲ್ಲೆಲ್ಲ ಇದಿದೆ.

ದಕ್ಷಿಣ ಕನ್ನಡದ ನಮ್ಮ ಕಡಬಕ್ಕೆ ಮಾತ್ರ ಇದು ಊರಾಗಿ ಬಂದಿಲ್ಲ, ಅಂಕವಾಗಿ ಬಂದಿದೆ. ಅಂಕ ನೋಡಿ ವಲಸಿಗರನ್ನು ಆರಿಸಲು ಕೆನಡಾ ಸರ್ಕಾರ 2015ರಲ್ಲಿ ಶುರುಮಾಡಿದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರಾಂತ್ಯದ ನಾಮಿನೇಷನ್ ಸಿಕ್ಕವರಿಗೆ ಒಮ್ಮೆಗೇ 600 ಅಂಕ ಸೇರುತ್ತದೆ, ಪಿ.ಆರ್., ಎಂದರೆ ಕಾಯಂ ನಿವಾಸದ ಹಕ್ಕು, ಹೆಚ್ಚುಕಡಿಮೆ ಕೈಗೆ ಬಂದ ಹಾಗೆಯೇ. ಹಾಗಾಗಿ ನರ್ಸಿಂಗ್ ಮುಗಿಸಿದ ಮಕ್ಕಳ ಮನೆಗಳಲ್ಲಿ ‘ಯಾವ ಪ್ರಾಂತ್ಯ ಬೇಗ ಕೊಡುತ್ತದೆ?’ ಎಂಬ ಪ್ರಶ್ನೆ ಏಳುತ್ತದೆಯೇ ಹೊರತು, ಸಸ್ಕಾಚೆವಾನ್‌ನಲ್ಲಿ ಬದುಕುವುದು ಹೇಗೆ ಎಂಬ ಪ್ರಶ್ನೆ ಏಳುವುದು ಕಡಿಮೆ. ಪದ್ಧತಿಯ ಜೀವವೇ ಊರು ಎಂದಿರುವಾಗ ಇದು ದೊಡ್ಡ ಕೊರತೆ.

ಕಾಗದಪತ್ರಗಳ ವಿಷಯಕ್ಕೆ ಬಂದರೆ ಈ ಪದ್ಧತಿ ನಮ್ಮಂಥವರ ಬದುಕನ್ನು ಕಂಡೇ ಇಲ್ಲ ಅನಿಸುತ್ತದೆ. ಅಲ್ಲಿ ಕೆಲಸ ಇನ್ನೂ ಸಿಗದವರು ಕೈಯಲ್ಲಿ ಹಣವಿದೆಯೆಂದು ತೋರಿಸಬೇಕು. ಬ್ಯಾಂಕಿನ ಪತ್ರದಲ್ಲಿ ಆರು ತಿಂಗಳ ಸರಾಸರಿ ಶಿಲ್ಕು ನಮೂದಾಗಿರಬೇಕು. ಅಡಿಕೆ ಬೆಳೆಗಾರನ ಹಣ ತಿಂಗಳು ತಿಂಗಳು ಬರುವುದಲ್ಲ. ಒಣಗಿಸಿ ಸುಲಿದು ಚಾಲಿ ಮಾಡಿ, ಧಾರಣೆ ನೋಡಿ, ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೋ ಅಂಗಡಿಗೋ ಕೊಟ್ಟ ದಿನ ಒಟ್ಟಿಗೆ ಬರುತ್ತದೆ, ಸೊಸೈಟಿಯ ಬಾಕಿ ತೀರಿಸಿದ ಕೂಡಲೇ ಕರಗುತ್ತದೆ. ಎರಡು ಎಕರೆ ತೋಟವಿದ್ದರೂ ಭೂಮಿಯ ಬೆಲೆ ಲೆಕ್ಕಕ್ಕಿಲ್ಲ, ಸಾಲ ಮಾಡಿ ತೋರಿಸುವಂತೆಯೂ ಇಲ್ಲ. ಇನ್ನು ಅನುಭವದ ಪತ್ರ. ‘ಇಂಥ ದಿನದಿಂದ ಇಂಥ ದಿನದವರೆಗೆ ಸ್ಟಾಫ್ ನರ್ಸ್ ಆಗಿದ್ದರು’ ಎಂದು ಎರಡು ಸಾಲು ಬರೆದು ಸೀಲು ಒತ್ತಿ ಕೊಡುವುದು ನಮ್ಮ ಕಡೆಯ ಆಸ್ಪತ್ರೆಗಳ ವಾಡಿಕೆ. ಅಲ್ಲಿಗೆ ಬೇಕಾದದ್ದು ವಾರಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಸಂಬಳ, ಏನೇನು ಜವಾಬ್ದಾರಿ ಎಂಬ ವಿವರ. ಎರಡು ಸಾಲಿನ ಆ ಪತ್ರವನ್ನೇ ನಂಬಿ ಅರ್ಜಿ ಹಾಕಿದರೆ ವರ್ಷಗಳ ರಾತ್ರಿಪಾಳಿಯ ದುಡಿಮೆಗೆ ಪುರಾವೆಯೇ ಇಲ್ಲದಂತಾಗುತ್ತದೆ.

ಕೆಲಸಕ್ಕೆಂದು ಜನರನ್ನು ಒಂದು ಜಾಗಕ್ಕೆ ತಂದು ನೆಲೆಗೊಳಿಸುವುದು ನಮಗೆ ಹೊಸತಲ್ಲ. ತಿರುವಾಂಕೂರಿನ ಕ್ರೈಸ್ತ ಕುಟುಂಬಗಳು ಕಡಬ, ನೆಲ್ಯಾಡಿಗಳ ಕಾಡಂಚಿಗೆ ತಾವಾಗಿಯೇ ಬಂದು ಮರಗೆಣಸು, ರಬ್ಬರ್ ಬೆಳೆದವು. ಆದರೆ ಶ್ರೀಲಂಕಾದಲ್ಲಿದ್ದ ಭಾರತ ಮೂಲದ ತಮಿಳರನ್ನು ಕರೆತಂದದ್ದು ಸರ್ಕಾರ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಭಾರತ 5,25,000 ಜನರನ್ನು ಮರಳಿ ಪಡೆಯಲು ಒಪ್ಪಿತು. ಅವರಲ್ಲಿ ಒಂದು ಪಾಲು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಟ್ಯಾಪಿಂಗ್ ಮಾಡಲು ಬಂದರು. ಅವರಿಗೆ ಸಿಕ್ಕ ಸೂರು ಕೆಲಸಕ್ಕೆ ಕಟ್ಟುಬಿದ್ದಿತ್ತು. ನಿವೃತ್ತಿಯಾದ ಮೇಲೆ ಎಲ್ಲಿಗೆ ಹೋಗುವುದು ಎಂಬುದೇ ದೊಡ್ಡ ಚಿಂತೆ. ಜಾತಿ ಪ್ರಮಾಣಪತ್ರಕ್ಕೂ ವರ್ಷಗಟ್ಟಲೆ ಅಲೆದಾಟ.

ಅದರ ಪಕ್ಕದಲ್ಲಿಟ್ಟು ನೋಡಿದರೆ ಪಿಎನ್‌ಪಿಯ ಹಿರಿಮೆ ತಿಳಿಯುತ್ತದೆ. ಪಿ.ಆರ್. ಸಿಕ್ಕಿದ ದಿನದಿಂದಲೇ ಯಾವ ಪ್ರಾಂತ್ಯದಲ್ಲಾದರೂ ಬದುಕುವ, ದುಡಿಯುವ ಹಕ್ಕು ಕೆನಡಾದ ಹಕ್ಕುಗಳ ಸನ್ನದಿನ 6ನೇ ವಿಧಿಯಲ್ಲೇ ಇದೆ. ಇಲ್ಲೇ ಇರುತ್ತೇನೆಂದು ಅರ್ಜಿಯಲ್ಲಿ ಮನಸಾರೆ ಹೇಳಬೇಕು ನಿಜ, ಆದರೆ ಒಂದೇ ತೋಟಕ್ಕೆ, ಒಂದೇ ಯಜಮಾನನಿಗೆ ಕಟ್ಟಿಹಾಕುವುದಿಲ್ಲ. ನಮ್ಮ ಸರ್ಕಾರ ರಬ್ಬರ್ ಕಾರ್ಮಿಕರಿಗೆ ಕೊಡಲಾಗದ್ದನ್ನು ಇದು ಕೊಡುತ್ತದೆ.

ಪಿ.ಆರ್. ಸಿಗುವ ಆ ದಿನ ಬರುವವರೆಗಿನ ಕಥೆ ಬೇರೆ. ಬಂದವರು ಮಾತಿಗೆ ತಪ್ಪಬಾರದು ಸರಿ, ಕರೆದವರು ತಪ್ಪಬಹುದೆ? 2024ರಲ್ಲಿ ಪಿಎನ್‌ಪಿ ಮೂಲಕ 1,10,000 ಜನರನ್ನು ಸೇರಿಸಿಕೊಳ್ಳುವ ಗುರಿ ಕೆನಡಾ ಸರ್ಕಾರಕ್ಕಿತ್ತು. 2025ಕ್ಕೆ ಅದನ್ನು 55,000ಕ್ಕೆ ಇಳಿಸಿದರು. ಪ್ರಿನ್ಸ್ ಎಡ್ವರ್ಡ್ ದ್ವೀಪ 2024ರಲ್ಲಿ ನಾಮಿನೇಷನ್‌ಗಳನ್ನು ತಗ್ಗಿಸಿದಾಗ, ಅಲ್ಲೇ ಓದಿ ಅಲ್ಲೇ ದುಡಿಯುತ್ತಿದ್ದ ಭಾರತದ ಯುವಕರು ಷಾರ್ಲೆಟ್‌ಟೌನ್‌ನಲ್ಲಿ ಉಪವಾಸ ಕೂತರು. ಇತ್ತ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಫಲಿತಾಂಶದ ಆಯಸ್ಸು ಎರಡೇ ವರ್ಷ. ಪ್ರಾಂತ್ಯ ಬಾಗಿಲು ಮುಚ್ಚಿಕೊಂಡಿದ್ದರೂ ಆ ಅವಧಿ ನಿಲ್ಲುವುದಿಲ್ಲ. ಮತ್ತೆ ಫೀಸು, ಮತ್ತೆ ಮಂಗಳೂರಿಗೆ ಕೋಚಿಂಗ್.

ನಡುವೆ ಏಜೆಂಟರು. ಹಣ ಪಡೆದು ಕೆನಡಾದ ವಲಸೆ ಸಲಹೆ ಕೊಡುವವರು ಅಲ್ಲಿನ ಪರವಾನಗಿ ಪಡೆದ ಸಲಹೆಗಾರರೋ ವಕೀಲರೋ ಆಗಿರಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಪರವಾನಗಿ ಇದೆಯೇ ಇಲ್ಲವೇ ಎಂದು ಅಲ್ಲಿನ ಪಟ್ಟಿಯಲ್ಲಿ ಯಾರು ಬೇಕಾದರೂ ಹೆಸರು ಹುಡುಕಿ ನೋಡಬಹುದು. ಮುಂಗಡ ಕೊಡುವ ಮೊದಲು ಅಷ್ಟಾದರೂ ಮಾಡಬೇಕು.

2026ಕ್ಕೆ ಗುರಿಯನ್ನು ಮತ್ತೆ 91,500ಕ್ಕೆ ಏರಿಸಿದ್ದಾರೆ. ಒಳ್ಳೆಯದೇ. ಆದರೆ ಒಮ್ಮೆ ಸ್ವೀಕರಿಸಿದ ಅರ್ಜಿಯನ್ನು ಸ್ವೀಕರಿಸಿದ ದಿನದ ನಿಯಮದಂತೆಯೇ, ಇಷ್ಟು ತಿಂಗಳೊಳಗೆ ತೀರ್ಮಾನಿಸುತ್ತೇವೆ ಎಂದು ಪ್ರಾಂತ್ಯಗಳು ಬರೆದುಕೊಡಬೇಕು. ಅಲ್ಲಿಯವರೆಗೆ ಈ ದಾರಿಯನ್ನು ನಂಬಿ ಯಾರೂ ತೋಟ ಅಡವಿಡಬಾರದು, ಇರುವ ಕೆಲಸಕ್ಕೆ ರಾಜೀನಾಮೆಯನ್ನೂ ಕೊಡಬಾರದು.