ರೀಲುಗಳೂ ರಸವಿಶ್ರಾಂತಿಯೂ

ಕಳೆದ ಶ್ರಾವಣಮಾಸದಲ್ಲಿ ನಮ್ಮ ಯರಗುಪ್ಪಿಯ ಗುಡಿಯೊಂದರಲ್ಲಿ ಕುಮಾರವ್ಯಾಸಭಾರತದ ವಾಚನವು ನಡೆದಿದ್ದಿತು. ಓದುವ ಕೆಲಸವು ನನ್ನ ಪಾಲಿಗೆ ಬಂದಿದ್ದಿತು. ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಕರ್ಣನನ್ನು ಏಕಾಂತಕ್ಕೆ ಕರೆದು ಅವನ ಜನ್ಮರಹಸ್ಯವನ್ನು ತಿಳಿಸುವ ಪ್ರಸಂಗ. ಪದ್ಯವನ್ನು ಮುಗಿಸಿ ನಾನು ತುಸು ಹೊತ್ತು ಸುಮ್ಮನಾದೆನು. ಅಂಥ ಸ್ಥಲದಲ್ಲಿ ನಿಲ್ಲಬೇಕೆಂಬದು ಪಾಠಶಾಲೆಯಲ್ಲಿ ನನ್ನ ಗುರುಗಳು ಹಾಕಿಕೊಟ್ಟ ರೂಢಿ. ಆ ನಿಲುಗಡೆಯಲ್ಲಿಯೇ, ಕಂಬದ ಬದಿಗೆ ಕುಳಿತ ಇಬ್ಬರು ತರುಣರ ಹೆಬ್ಬೆರಳುಗಳು ಮೊಬೈಲಿನ ಮೇಲೆ ಜಾರಿದವು. ಕರ್ಣನ ದುಃಖದ ನಡುವೆ ಯಾವನೋ ನಗೆಗಾರನ ಕೂಗು ಒಂದು ಕ್ಷಣ ಕೇಳಿಸಿ ಅಡಗಿತು.

ಆಗ ನನಗೆ ಸಿಟ್ಟೇ ಬಂದಿತು. ಆದರೆ ಮನೆಗೆ ಬಂದು ವಿಚಾರಿಸಲು ಒಂದು ಸಂಗತಿಯು ಹೊಳೆಯಿತು. ಪದ್ಯವು ನಡೆದಿರುವಷ್ಟು ಹೊತ್ತು ಆ ತರುಣರು ಮೊಬೈಲನ್ನು ಮುಟ್ಟಿದ್ದಿಲ್ಲ; ನಾನು ನಿಂತಾಗಲೇ ಮುಟ್ಟಿದರು. ಅವರಿಗೆ ಕಾವ್ಯವು ಬೇಸರವಾಗಿದ್ದಿಲ್ಲ. ಬರಿದಾದ ಗಳಿಗೆಯು ಅವರಿಗೆ ಸಹಿಸಲಾರದಾಗಿತ್ತು.

ಈ ರೀಲುಗಳ ವಿಷಯವಾಗಿ ನಮ್ಮ ಕಡೆ ನಡೆಯುವ ಮಾತುಗಳಲ್ಲಿ ವಿಮರ್ಶೆಗಿಂತ ಬೈಗಳೇ ಹೆಚ್ಚು. ಮನುಷ್ಯನ ಅವಧಾನವು ಮೀನಿನದಕ್ಕಿಂತಲೂ ಕಡಿಮೆಯಾಯಿತೆಂದು ಭಾಷಣಕಾರರು ಹೇಳುವದುಂಟು. ಅದಕ್ಕೆ ಆಧಾರವೇ ಇಲ್ಲ. ಆಧಾರವುಳ್ಳ ಮಾತೆಂದರೆ ಅಮೇರಿಕೆಯ ಗ್ಲೋರಿಯಾ ಮಾರ್ಕ್ ಎಂಬ ವಿದುಷಿಯ ಅಳತೆಗಳು. 2004 ರಲ್ಲಿ ಗಣಕಯಂತ್ರದ ಮುಂದೆ ಕುಳಿತವರು ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ದೃಷ್ಟಿ ನಿಲ್ಲಿಸುತ್ತಿದ್ದರು. ಇತ್ತಿತ್ತಲಾಗಿ ಅದು 47 ಸೆಕೆಂದುಗಳಿಗೆ ಇಳಿದಿದೆ. ಆದರೆ ಈ ಇಳಿತವು ರೀಲುಗಳು ಬರುವದಕ್ಕಿಂತ ಮೊದಲೇ ಆರಂಭವಾಗಿದ್ದಿತು. ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಷೇಧವಾದದ್ದು 2020 ರ ಜೂನ ತಿಂಗಳಲ್ಲಿ. ಅದರ ತೆರವಾದ ಸ್ಥಾನಕ್ಕೆ ಇನ್‌ಸ್ಟಾಗ್ರಾಮಿನ ರೀಲ್ಸ್, ಯೂಟ್ಯೂಬಿನ ಶಾರ್ಟ್ಸ್ ಬಂದದ್ದು ಅದೇ ವರ್ಷ. ಆದ್ದರಿಂದ ಎಲ್ಲ ಪಾಪವನ್ನೂ ಇವುಗಳ ತಲೆಗೆ ಕಟ್ಟುವದು ನ್ಯಾಯವಲ್ಲ.

ಚಿಕ್ಕದಾಗಿರುವದೇ ದೋಷವೆನ್ನೋಣವೇ? ಹಾಗೆಂದರೆ ಸರ್ವಜ್ಞನ ತ್ರಿಪದಿಗೂ ಶರಣರ ವಚನಕ್ಕೂ ನಾವು ಏನೆಂದು ಉತ್ತರ ಕೊಡಬೇಕು? ಅಮರುಕನ ಒಂದೊಂದು ಬಿಡಿಪದ್ಯವೂ ಪ್ರಬಂಧದಂತೆ ರಸವನ್ನು ಸುರಿಸುವದೆಂದು ಧ್ವನ್ಯಾಲೋಕಕಾರನಾದ ಆನಂದವರ್ಧನನೇ ಒಪ್ಪಿಕೊಂಡಿದ್ದಾನೆ. ನಮ್ಮ ಸೀಮೆಯ ಉದಾಹರಣೆಯೇ ಬೇಕೆಂದರೆ ಗ್ರಾಮೋಫೋನಿನ ತಟ್ಟೆಯನ್ನು ನೋಡಿರಿ. ಅದರ ಒಂದು ಮಗ್ಗಲು ಮುಗಿಯಲು ಮೂರು ನಿಮಿಷ, ಮೇಲೆ ತುಸು ಹೆಚ್ಚು. ಅಬ್ದುಲ್ ಕರೀಮಖಾನರಂಥ ಗವಾಯಿಗಳು ತಮ್ಮ ವಿಸ್ತಾರವಾದ ಗಾಯನವನ್ನು ಆ ಇಕ್ಕಟ್ಟಿನಲ್ಲಿ ಹಿಡಿಸಬೇಕಾಯಿತು. ಸಂಗೀತಕ್ಕೆ ಇದರಿಂದ ಕೇಡಾಯಿತೆಂದು ಅಂದೂ ಹಿರಿಯರು ನುಡಿದಿರಬಹುದು. ಆದರೆ ಗದಗಿನ ಬಾಲಕ ಭೀಮಸೇನ ಜೋಶಿಯು ಖಾನಸಾಹೇಬರ ಝಿಂಝೋಟಿಯ ಠುಮರಿಯೊಂದನ್ನು ತಟ್ಟೆಯಲ್ಲಿ ಕೇಳಿಯೇ ಹುಚ್ಚಾದನು. 1933 ರಲ್ಲಿ ಮನೆಬಿಟ್ಟು ಗುರುವನ್ನು ಅರಸುತ್ತ ಅಲೆದನು. 1936 ರಲ್ಲಿ ನಮ್ಮ ತಾಲೂಕಿನ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಹತ್ತಿರ ವರ್ಷಗಟ್ಟಲೆ ಸಾಧನೆ ಮಾಡಿದನು. ಮೂರು ನಿಮಿಷದ ತಟ್ಟೆಯು ಅವನನ್ನು ಅತಿವಿಲಂಬಿತದ ಬಾಗಿಲಿಗೆ ತಂದು ಬಿಟ್ಟಿತು. ಆ ಲಯದಲ್ಲಿ ಏಕತಾಲದ ಒಂದೇ ಆವರ್ತನೆಗೆ ಸುಮಾರು ಒಂದು ನಿಮಿಷವು ಹಿಡಿಯುವದು. ಅಂದರೆ ತಬಲೆಯು ಸಮಕ್ಕೆ ಬರುವಷ್ಟರಲ್ಲಿ ಇಂದಿನ ತರುಣನು ಮೂರು ನಾಲ್ಕು ರೀಲುಗಳನ್ನು ದಾಟಿರುವನು.

ತಟ್ಟೆಗೂ ರೀಲಿಗೂ ಇರುವ ಭೇದವು ಇಲ್ಲಿದೆ. ತಟ್ಟೆಯು ಮುಗಿದ ಮೇಲೆ ಮುಳ್ಳು ಕರಕರ ಎನ್ನುತ್ತಿತ್ತು. ಎದ್ದು ಹೋಗಿ ಮಗ್ಗಲು ತಿರುವಿ ಕೀಲಿ ಕೊಡಬೇಕಾಗುತ್ತಿತ್ತು. ಅಷ್ಟರಲ್ಲಿ ಕೇಳಿದ್ದು ಕಿವಿಯಲ್ಲಿ ಇನ್ನೊಮ್ಮೆ ನುಡಿಯುತ್ತಿತ್ತು. ರೀಲಿನಲ್ಲಿ ಈ ಸಂಧಿಯೇ ಇಲ್ಲ. ಪುಟಕ್ಕೆ ಕೊನೆಯೇ ಇಲ್ಲದಂತೆ ಉರುಳುವ ಉಪಾಯವನ್ನು 2006 ರಲ್ಲಿ ರಚಿಸಿದ ಅಝಾ ರಾಸ್ಕಿನ್ ಎಂಬವರು ಮುಂದೆ ತಾವೇ ಅದಕ್ಕಾಗಿ ಪಶ್ಚಾತ್ತಾಪಪಟ್ಟರು.

ಪರರನ್ನು ಬೈಯುವ ಮೊದಲು ಸ್ವತಃ ನೋಡಬೇಕೆಂದು ನಾನೂ ಒಂದು ರಾತ್ರಿ ಮೊಮ್ಮಗನ ಮೊಬೈಲನ್ನು ಹಿಡಿದೆನು. ಹುತಾತ್ಮನಾದ ಸೈನಿಕನ ತಾಯಿಯ ಅಳು, ಅದರ ಬೆನ್ನಿಗೇ ಒಬ್ಬಳು ಗಿರಮಿಟ್ ಕಲಿಸುವ ಬಗೆ, ನಾಯಿಮರಿಯ ಆಟ, ವೈರಾಗ್ಯಬೋಧೆ, ಮದುವೆಮನೆಯ ಕುಣಿತ. ನೋಡನೋಡುತ್ತ ಒಂದು ತಾಸು ಕಳೆದಿದ್ದಿತು. ಮರುದಿನ ಬೆಳಿಗ್ಗೆ ನೆನೆಸಿಕೊಂಡರೆ ಈ ಐದರ ಹೊರತು ಆರನೆಯದು ನೆನಪಿಗೆ ಬರಲೊಲ್ಲದು. ಇವುಗಳಲ್ಲಿ ಒಂದೆರಡು ನಿಜವಾಗಿಯೂ ಚೆನ್ನಾಗಿದ್ದವು, ಸುಳ್ಳೇಕೆ ಹೇಳಲಿ? ಆ ತಾಯಿಯ ಮುಖವು ಯಾವ ಕರುಣಕಾವ್ಯಕ್ಕೂ ಕಡಿಮೆಯದಾಗಿದ್ದಿಲ್ಲ.

ಪರಸ್ಪರ ವಿರೋಧಿಗಳಾದ ರಸಗಳನ್ನು ಒಂದರ ಬೆನ್ನಿಗೊಂದು ಇಡಬಾರದು, ನಡುವೆ ಬೇರೊಂದು ರಸವನ್ನು ತರಬೇಕು ಎಂಬದು ಆನಂದವರ್ಧನನ ಶಾಸನ. ನಾಗಾನಂದದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತವು ಬಂದಿರುವದನ್ನು ಅವನು ಎತ್ತಿ ತೋರಿಸುತ್ತಾನೆ. ಇದನ್ನು ಓದುವಾಗ ಪಂಡಿತರ ಹಟವೆಂದು ನನಗೆ ಎಳವೆಯಲ್ಲಿ ಅನಿಸಿದ್ದಿತು. ಆ ರಾತ್ರಿ ಅದರ ಬೆಲೆಯು ತಿಳಿಯಿತು. ತಾಯಿಯ ಅಳುವು ನನ್ನಲ್ಲಿ ಕರುಣವಾಗಿ ಮಾಗುವದರೊಳಗೆ ಗಿರಮಿಟ್ಟಿನ ಒಗ್ಗರಣೆಯು ಸಿಡಿದಿದ್ದಿತು. ಅಭಿನವಗುಪ್ತನು ರಸಾಸ್ವಾದವನ್ನು ವಿಶ್ರಾಂತಿ ಎಂದೇ ಕರೆದನು. ರೀಲುಗಳ ಸಾಲಿನಲ್ಲಿ ಭಾವಗಳು ಬೇಕಾದಷ್ಟಿವೆ. ವಿಶ್ರಾಂತಿಗೆ ಒಂದು ಗೇಣು ಸ್ಥಲವಿಲ್ಲ. ಅಷ್ಟಾವಧಾನದಲ್ಲಿ ಅಪ್ರಸ್ತುತಪ್ರಸಂಗಿ ಎಂಬವನೊಬ್ಬನಿರುವನಷ್ಟೆ. ಅವಧಾನಿಯ ಚಿತ್ತವನ್ನು ಕೆಡಿಸುವದೇ ಅವನ ಕೆಲಸ. ಸಭೆಗೆ ಅದೊಂದು ವಿನೋದ. ಇಲ್ಲಿ ಎಂಟೂ ಪೀಠಗಳ ಮೇಲೆ ಅವನೇ ಕುಳಿತಂತಾಗಿದೆ.

ವಾಚನವು ಮುಗಿದ ವಾರದಲ್ಲಿ ಆ ಇಬ್ಬರು ತರುಣರಲ್ಲಿ ಒಬ್ಬನು ಸಂಕೋಚದಿಂದ ಮನೆಗೆ ಬಂದನು. "ಸರ್ರೀ, ನೀವು ಓದಿದ್ದನ್ನ ರೀಲ್ ಮಾಡೇನ್ರೀ. ಊರಾಗ ಭಾಳ ಮಂದಿ ನೋಡ್ಯಾರ್ರೀ" ಎಂದು ಮೊಬೈಲನ್ನು ಮುಂದೆ ಹಿಡಿದನು. ಕರ್ಣಪ್ರಸಂಗದ ಅದೇ ಪದ್ಯ, ನನ್ನದೇ ಧ್ವನಿ. ಆದರೆ ಒಂದು ಪದ್ಯವು ಮುಗಿಯುತ್ತಲೇ ಮುಂದಿನದು ಧಾವಿಸಿ ಬಂದಿತು. "ನಡುವೆ ನಾನು ನಿಂತಿದ್ದೆನಲ್ಲಪ್ಪಾ, ಅದೆಲ್ಲಿ ಹೋಯಿತು?" ಎಂದು ಕೇಳಿದೆನು.

"ಅಲ್ಲೇನೂ ಇದ್ದಿಲ್ಲಲ್ರೀ ಸರ, ಅದಕ್ಕ ಕತ್ತರಿಸಿದ್ಯಾ" ಎಂದನು.

ಬರುವ ಶ್ರಾವಣದಲ್ಲಿ ಅವನನ್ನು ನನ್ನ ಪಕ್ಕದಲ್ಲಿ ಶ್ರುತಿಪೆಟ್ಟಿಗೆಗೆ ಕೂಡ್ರಿಸಬೇಕೆಂದಿದ್ದೇನೆ. ಬರುವೆನೆಂದು ಒಪ್ಪಿಕೊಂಡಿದ್ದಾನೆ.